ಮಗ್ಗ ನಿಂತಾಗೊಮ್ಮೆ

ಇಳಕಲ್ಲಿನ ನೇಕಾರ ಸಂಗನಬಸಪ್ಪನಿಗೆ ಮೂತ್ರದ ತೊಂದರೆ ಶುರುವಾಗಿ ವರ್ಷವಾಗಿತ್ತು. ಸೊಸೆ ನೇತ್ರಾ ಕಂಕುಳಲ್ಲಿ ಕೂಸನ್ನು ಹೊತ್ತು, ದಾರಿಯಲ್ಲಿ ಮಾವನಿಗಾಗಿ ಎರಡು ಸಲ ಬಸ್ಸು ನಿಲ್ಲಿಸಿ, ಬಾಗಲಕೋಟೆಯ ಖಾಸಗಿ ದವಾಖಾನೆಗೆ ಕರೆತಂದಳು. ಅಲ್ಲಿ ಡಾಕ್ಟರರ ಮುಂದೆ ಮುದುಕ, "ಮೊಣಕಾಲು ನೋವ್ರಿ" ಎನ್ನಬೇಕೆ!

ನೇತ್ರಾಳಿಗೆ ತಲೆ ಚಿಟ್ಟು ಹಿಡಿಯಿತು. ಸೆರಗು ಸರಿಮಾಡಿಕೊಂಡು ಗೋಡೆ ನೋಡುತ್ತ ಅಂದಳು: "ಮೊಣಕಾಲಲ್ರಿ, ಪ್ರಾಸ್ಟೇಟ್ ಗ್ರಂಥಿ ದಪ್ಪಾಗೇತಿ ಅಂತ ಸ್ಕ್ಯಾನಿಂಗಿನ್ಯಾಗ ಬಂದೇತ್ರಿ. ದಿನಕ್ಕ ಹದಿನೆಂಟು ಸಲ ಏಳ್ತಾರ್ರಿ. ಮಗ್ಗದ ಸಪ್ಪಳ ನಿಂತಾಗೊಮ್ಮೆ ನಾ ಅಡಗಿಮನ್ಯಾಗಿಂದ ಎಣಿಸೇನಿ."

ಡಾಕ್ಟರರು ಗುಳಿಗೆ, ಲೇಸರ್ ಶಸ್ತ್ರಚಿಕಿತ್ಸೆ ಎರಡನ್ನೂ ವಿವರಿಸಿದರು. ಮಾವ ನೆಲ ನೋಡುತ್ತಲೇ ಪಿಸುಗುಟ್ಟಿದ: "ಲೇಸರ್ ಮಾಡಿಸಿದ್ರ ಮಗ್ಗಕ್ಕ ಯಾವಾಗ ಕೂಡಬೇಕು, ಕೇಳವಾ."

"ನೀವ ಕೇಳ್ರಿ ಮಾವಾರ. ಬಾಯಿಗೇನೂ ರೋಗ ಬಂದಿಲ್ಲಲ್ಲ!"

ಸಂಗನಬಸಪ್ಪ ಎರಡು ಸಲ ಕೆಮ್ಮಿದ. ಆಮೇಲೆ ತಲೆಯೆತ್ತಿ ಕೇಳಿಯೇಬಿಟ್ಟ.