ಬೆಳ್ಳುಳ್ಳಿ ಕಾಡಿಗೆ ಅಡ್ಡ ನಿಂತ ಸವೇತಕ್ಕ

ಬೆಳಗಿನ ಐದೂವರೆ. ಬೀಚ್ ಮರಗಳ ಕಾಡಿಗೆ ಹೋಗುವ ದಾರಿಗೆ ಅಡ್ಡಲಾಗಿ ಸವೇತಕ್ಕ ಎರಡೂ ಕೈ ಚಾಚಿ ನಿಂತಿದ್ದಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಬ್ರೆಡ್ಡಿನ ತುಂಡು. ಎದುರಿಗೆ ಜೊಯಾನ ಎಂಬ ಕೆಂದು ಹಸು. ಗುರುವಾರ ಹುಟ್ಟಿದ್ದಕ್ಕೆ ಆ ಹೆಸರು. ಈ ಕಡೆ ಹಸುಗಳಿಗೆ ಹುಟ್ಟಿದ ವಾರದ ಹೆಸರೇ ಇಡುವುದು. ಗುಣ ನೋಡಿದರೆ ಇದು ಶನಿವಾರ ಹುಟ್ಟಬೇಕಿತ್ತು.

"ಏಯ್ ಹೊಟ್ಟೆಬಾಕಿ, ಹೋಗ್ ಅತ್ಲಾಗೆ! ನಿನ್ನ ನಾಲಿಗೆ ಚಪಲಕ್ಕೆ ನನ್ನ ಮಾನ ಹೋಗಿದ್ದು ಸಾಲ್ದಾ?"

ಜೊಯಾನ ಕಿವಿ ಅಲ್ಲಾಡಿಸುತ್ತದೆ. ಸವೇತಕ್ಕನ ಹಿಂದೆ, ಮರಗಳ ನೆರಳಲ್ಲಿ, ಕಾಡು ಬೆಳ್ಳುಳ್ಳಿ ಹಸಿರು ಜಮಖಾನ ಹಾಸಿದಂತೆ ಬೆಳೆದಿದೆ. ಗಾಳಿ ಈ ಕಡೆ ಬೀಸಿದರೆ ಸಾಕು, ಯಾರದೋ ಅಡುಗೆಮನೆಯ ಬಾಗಿಲು ತೆರೆದ ಹಾಗೆ ಘಮ್ಮೆನ್ನುತ್ತದೆ.

ರೊಮೇನಿಯಾದ ಈ ಗುಡ್ಡಗಾಡಿನ ವಾಲ್ಯಾ ಫಗುಲುಯ್ ಊರಿನ ದನ ಕಾಯುವವರು ಸವೇತಕ್ಕ. ವಯಸ್ಸು ಐವತ್ತೊಂಬತ್ತು. ಮೊದಲು ಈ ಕೆಲಸ ಗಂಡನದಾಗಿತ್ತು. ಸಂತ ಗಿಯೋರ್ಗೆಯ ಹಬ್ಬದ ದಿನ ಆತ ಪ್ಲಮ್ ಸಾರಾಯಿ ಜಾಸ್ತಿ ಏರಿಸಿ ಹುಲ್ಲಿನ ಮೆದೆಯಲ್ಲಿ ಮಲಗಿಬಿಟ್ಟ. "ಇವತ್ತೊಂದಿನ ನಾನೇ ಹೋಗ್ಬರ್ತೀನಿ ಅಂತ ಕೋಲು ಹಿಡಿದೆ ನೋಡಿ. ಆ ಒಂದು ದಿನ ಮೂವತ್ತು ವರ್ಷ ಆಯ್ತು." ಗಂಡ ಈಗಿಲ್ಲ. ಕೋಲು ಅದೇ.

ಬೆಳಿಗ್ಗೆ ಮನೆಮನೆಯ ಗೇಟಿನಿಂದ ದನ ಹೊರಡಿಸಿ, ಗುಡ್ಡ ಹತ್ತಿಸಿ, ಸಂಜೆ ಇಳಿಸುವುದು ಇವರ ದಿನಚರಿ. ಇಳಿದ ಮೇಲೆ ಹಸುಗಳೇ ತಮ್ಮ ತಮ್ಮ ಗೇಟು ಹುಡುಕಿಕೊಂಡು ಹೋಗುತ್ತವೆ. ಒಂದು ಕಾಲಕ್ಕೆ ನೂರರ ಮೇಲಿದ್ದ ದನ ಈಗ ಇಪ್ಪತ್ತೆರಡು. ಇನ್ನು ನಾಲ್ಕೈದು ಕಡಿಮೆಯಾದರೆ ಊರಿನವರು ದನ ಕಾಯಲು ಆಳು ಇಡುವುದಿಲ್ಲ. ಜೊಯಾನಳ ಯಜಮಾನ ಗ್ರಿಗೊರೆ ಹಸು ಮಾರಲು ದಲ್ಲಾಳಿಯ ಜೊತೆ ಆಗಲೇ ಮಾತಾಡಿದ್ದ. "ಪೇಟೆಯವರಿಗೆ ಡಬ್ಬಿ ಹಾಲು ಬೇಕು ಸವೇತ. ನಾಳೆಗೆ ಹುಳಿಯಾಗೋ ಹಾಲು ಯಾರಿಗೆ ಬೇಕು?"

ಆಗ ಬಂದದ್ದು ಪೇಟೆಯ ಶಿಶುವಿಹಾರದ ಮುಖ್ಯಸ್ಥೆ ಕೊರ್ನೇಲಿಯಾ ಅವರ ಕರೆ. ಮಕ್ಕಳಿಗೆ ಹುಲ್ಲು ಮೇದ ಹಸುವಿನ ಹಾಲು ಕೊಟ್ಟರೆ ಹೇಗೆ? ಡಬ್ಬಿ ಹಾಲು, ಊರ ಹಾಲು ಎರಡನ್ನೂ ಇಟ್ಟು ನೋಡೋಣ ಎಂದರು. ಅವರು ಹೂಂ ಎಂದರೆ ದನ ಉಳಿಯುತ್ತವೆ, ಸವೇತಕ್ಕನ ಕೆಲಸವೂ ಉಳಿಯುತ್ತದೆ.

ಪರೀಕ್ಷೆಯ ಹಿಂದಿನ ದಿನ ಸವೇತಕ್ಕ ಮರದ ಬೊಡ್ಡೆ ಮೇಲೆ ಕೂತು, ಮೇಡಂ ಮುಂದೆ ಆಡಬೇಕಾದ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರು. ಹುಲ್ಲಿನ ಹಾಲು ಎಲುಬಿಗೆ ಒಳ್ಳೆಯದು, ಕಣ್ಣಿಗೆ ಒಳ್ಳೆಯದು, ಬೋಳು ತಲೆಯಲ್ಲೂ ಕೂದಲು ಬರಿಸುತ್ತದೆ. ಹುಟ್ಟಿದಾಗಿನಿಂದ ಅದೇ ಹಾಲು ಕುಡಿದ ಗ್ರಿಗೊರೆಯ ಬೋಳು ತಲೆ ಅವರಿಗೆ ಆಗ ನೆನಪಾಗಲಿಲ್ಲ. ಭಾಷಣ ಮುಗಿಸಿ ತಿರುಗಿ ನೋಡಿದರೆ ಕೇಳಲು ಒಂದು ದನವೂ ಇಲ್ಲ. ಜೊಯಾನ ಎಲ್ಲರನ್ನೂ ಕರೆದುಕೊಂಡು ಬೆಳ್ಳುಳ್ಳಿ ಕಾಡಿಗೆ ಹೋಗಿದ್ದಳು. "ಒಂದೆರಡು ಬಾಯಿ ತಿಂದಿರ್ಬೋದು, ಏನಾಗುತ್ತೆ ಅನ್ಕೊಂಡೆ" ಎನ್ನುತ್ತಾರೆ ಸವೇತಕ್ಕ, ಮುಖ ಮುಚ್ಚಿಕೊಂಡು.

ಏನಾಯಿತೆಂದರೆ, ಕಾಯಿಸಿದ ಹಾಲಿನ ಲೋಟ ಬಾಯಿಗಿಟ್ಟ ಮೊದಲ ಹುಡುಗನೇ ಮೂಗು ಮುರಿದು "ಬೆಳ್ಳುಳ್ಳಿ!" ಎಂದು ಕಿರುಚಿದ. ಆಮೇಲೆ ಇಡೀ ಕೋಣೆ "ಬೆಳ್ಳುಳ್ಳಿ, ಬೆಳ್ಳುಳ್ಳಿ" ಎಂದು ಹಾಡತೊಡಗಿತು. ಒಬ್ಬಳು ಪುಟ್ಟಿ ಮಾತ್ರ ಲೋಟ ಖಾಲಿ ಮಾಡಿ, "ಮಿಸ್, ಇದಕ್ಕೆ ಮೆಕ್ಕೆಜೋಳದ ಮುದ್ದೆ ಎಲ್ಲಿ?" ಎಂದು ಕೇಳಿದಳು.

ಕೊರ್ನೇಲಿಯಾ ಕನ್ನಡಕ ಏರಿಸಿದರು. "ನೋಡಿ ಸವೇತಕ್ಕ, ನಾನು ವಿಚಾರಿಸಿದೀನಿ. ಪ್ರೋಟೀನು, ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಒಳ್ಳೆ ಜಾತಿ ಕೊಬ್ಬು ನಿಮ್ಮದರಲ್ಲಿ ಸ್ವಲ್ಪ ಜಾಸ್ತಿ, ಕೆನೆ ಹಳದಿ. ಅಷ್ಟೇ. ಲೀಟರಿಗೆ ಎರಡು ಲೇಯ್ ಜಾಸ್ತಿ ಕೊಟ್ಟು ಬೆಳ್ಳುಳ್ಳಿ ಕುಡಿಸ್ಲಾ?"

"ಮೂವತ್ತು ವರ್ಷ ಗುಡ್ಡ ಹತ್ತಿದ್ದು ಆ ಹಳದಿಗಾ?" ಎಂದರಂತೆ ಸವೇತಕ್ಕ. ಅಭ್ಯಾಸ ಮಾಡಿದ ಭಾಷಣದ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಅಳುವೇ ಬಂತು.

ಹಾಲು ಹೊತ್ತು ಜೊತೆಗೆ ಬಂದು ಮೂಲೆಯಲ್ಲಿ ನಿಂತಿದ್ದ ಗ್ರಿಗೊರೆ ಟೋಪಿ ತೆಗೆದು ಮುಂದೆ ಬಂದ. ಅಂಗಡಿ ಹಾಲಿನ ಡಬ್ಬಿ ಎತ್ತಿ ಹಿಡಿದು, "ಮೇಡಂ, ಈ ಹಸು ಮೊನ್ನೆ ಏನು ತಿಂದಿತ್ತು?" ಎಂದ.

ಕೊರ್ನೇಲಿಯಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಿತ್ರದಲ್ಲಿ ಹುಲ್ಲುಗಾವಲು ಇದೆಯಲ್ಲ."

"ಚಿತ್ರದಲ್ಲಿ ನನಗೂ ಕೂದಲಿದೆ ಮೇಡಂ. ಮದುವೆ ಫೋಟೋ. ನಮ್ಮ ಹಸು ಏನು ತಿಂದಿತ್ತು ಅಂತ ನಿಮ್ಮ ಮಕ್ಕಳೇ ಹೇಳಿದ್ವಲ್ಲ."

ಮೇಡಂ ನಕ್ಕರು. ನಕ್ಕವರು ಕರಗಿದರು. ದನ ಕೊಟ್ಟಿಗೆ ಸೇರುವ ಅಕ್ಟೋಬರ್ ಕೊನೆಯವರೆಗೆ ಹಾಲು ತನ್ನಿ, ಆದರೆ ಇನ್ನೊಂದು ಸಲ ಬೆಳ್ಳುಳ್ಳಿ ವಾಸನೆ ಬಂದರೆ ಅಂದೇ ಕೊನೆ ಎಂದರು. ಗ್ರಿಗೊರೆ ದಲ್ಲಾಳಿಗೆ ಸದ್ಯಕ್ಕೆ ಬೇಡ ಎಂದಿದ್ದಾನೆ. ಹಾಗಾಗಿ ಕಾಡಿನ ಆ ಬೆಳ್ಳುಳ್ಳಿ ಸೊಪ್ಪು ಒಣಗುವ ತನಕ ಸವೇತಕ್ಕ ಮರದ ಬೊಡ್ಡೆ ಮೇಲೆ ಕೂರುವ ಹಾಗಿಲ್ಲ. ಬ್ರೆಡ್ಡು ತಿನ್ನುವುದೂ ನಿಂತುಕೊಂಡೇ.

ಹಾಲು ಕೊಡಲು ಪೇಟೆಗೆ ಹೋದಾಗ ಮಕ್ಕಳು ಬೇಲಿಗೆ ಜೋತುಬಿದ್ದು "ಬೆಳ್ಳುಳ್ಳಿ ಅಜ್ಜಿ ಬಂದ್ಲು!" ಎಂದು ಕೂಗುತ್ತವೆ. ಬೇಜಾರಾಗುವುದಿಲ್ಲವೇ ಎಂದರೆ ಸವೇತಕ್ಕ ತಲೆವಸ್ತ್ರದ ಗಂಟು ಸರಿಮಾಡಿಕೊಳ್ಳುತ್ತಾರೆ.

"ಕೂಗ್ಲಿ ಬಿಡಿ. ಮೂವತ್ತು ವರ್ಷ ಒಳ್ಳೆ ಹಾಲು ಹೋಯ್ತು, ದನ ಕಾಯೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಒಂದೇ ಒಂದು ದಿನ ಕೆಡ್ತು ನೋಡಿ, ಪೇಟೆಗೆಲ್ಲ ಗೊತ್ತಾದೆ."