ಮೀನಿನ ಹುಣ್ಣು, ಒಂದಗುಳು ಅನ್ನ

ಮೊಮ್ಮಕ್ಕಳೇ, ನಿಮ್ಮವ್ವ ಡಾಕ್ಟರ್ ಆದದ್ದು ನಿಮಗೆ ಗೊತ್ತು. ಅದಕ್ಕಾಗಿ ಆರು ತಿಂಗಳಿಗೆಂದು ಸ್ಯಾನ್ ಡಿಯಾಗೋಗೆ ಬಂದ ನಾನು ಒಂದು ವರ್ಷ ಕೂತದ್ದು ಗೊತ್ತಿಲ್ಲ. ಏಳನೆಯ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಓದಿದವಳು ನಾನು. ಬರೆದದ್ದು ತಪ್ಪಿದ್ದರೆ ನಿಮ್ಮವ್ವ ತಿದ್ದಲಿ. ಅವಳನ್ನು ಬೈದ ಕಡೆ ಮಾತ್ರ ಕೈ ಹಾಕಬಾರದು.

ಆಗ ನಿಮ್ಮಲ್ಲಿ ದೊಡ್ಡವಳಿಗೆ ಹತ್ತು ತಿಂಗಳು. ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ ಎರಡನೆಯ ಮಹಡಿಯ ಮನೆ. ಹತ್ತಿರದ ಸೇನಾ ನೆಲೆಯಿಂದ ಮೇಲೆ ಯುದ್ಧವಿಮಾನ ಹಾರಿದಾಗಲೆಲ್ಲ ಕೂಸು ಎದ್ದು ಅಳುವುದು, ನಾನು ತಟ್ಟಿ ಮಲಗಿಸುವುದು. ನಿಮ್ಮಪ್ಪ ಮನೆಯಲ್ಲಿದ್ದರೆ ನಾನು ಅಡಿಗೆಮನೆ ಬಿಟ್ಟು ಬರುತ್ತಿರಲಿಲ್ಲ. ಅಳಿಯನ ಮುಂದೆ ಮಾತಾಡಿ ನನಗೆ ರೂಢಿಯಿಲ್ಲ.

ನಿಮ್ಮವ್ವನ ಓದು ಮೀನಿನ ರೋಗದ್ದು. ಉತ್ತರದ ತಂಪು ನೀರಿನ ಕೊಳಗಳಲ್ಲಿ ಟ್ರೌಟ್, ಸಾಲ್ಮನ್ ಎಂಬ ಮೀನು ಸಾಕುತ್ತಾರೆ. ನೀರು ತಣ್ಣಗಿರುವಾಗ ಮರಿಗಳ ಬಾಲದ ಬುಡದಲ್ಲಿ ಹುಣ್ಣೆದ್ದು ರಾಶಿರಾಶಿ ಸಾಯುತ್ತವಂತೆ. ಸತ್ತವು ಐಸಿನ ಡಬ್ಬಿಯಲ್ಲಿ ಇವಳ ಲ್ಯಾಬಿಗೆ ಬರುತ್ತಿದ್ದವು. ಅವುಗಳ ಹುಣ್ಣಿನಿಂದ, ಹೊಟ್ಟೆಯೊಳಗಿನ ಗುಲ್ಮದಿಂದ ಚೂರು ತೆಗೆದು ಗಾಜಿನ ತಟ್ಟೆಗೆ ಹಚ್ಚಿದರೆ ಐದಾರು ದಿನಕ್ಕೆ ಹಳದಿ ಚುಕ್ಕೆಗಳು ಏಳುತ್ತವೆ. ಒಂದೊಂದು ಚುಕ್ಕೆಯೂ ಕಣ್ಣಿಗೆ ಕಾಣದ ಒಂದು ರೋಗದ ಹುಳದ ಸಂತಾನ. ಆ ಹುಳಗಳಲ್ಲಿ ತಳಿ ಎಷ್ಟು ಎಂದು ಹುಡುಕುವುದೇ ಇವಳ ಕೆಲಸ. ತಳಿ ಎಂದರೆ ನನಗೆ ತಿಳಿಯುತ್ತದೆ, ನಮ್ಮ ಜೋಳದಲ್ಲಿ ಇಲ್ಲವೇ?

ಆದರೆ ಅದನ್ನು ನಾಲ್ಕು ಜನರಿಗೆ ಹೇಳುವುದು ಹೇಗೆ? ಅದೇ ಊರಿನ ಪೆನಾಸ್ಕಿಟೋಸ್ ಎಂಬಲ್ಲಿ ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ ಒಬ್ಬ ಬೆಂಗಳೂರಿನ ಹುಡುಗಿ ನನ್ನನ್ನು ಹಿಡಿದಳು.

“ಆಂಟಿ, ನಿಮ್ಮ ಮಗಳು ಏನ್ ರಿಸರ್ಚ್ ಮಾಡ್ತಿದಾರೆ?”

“ಮೀನಿಂದು,” ಎಂದೆ ಮೆಲ್ಲಗೆ.

“ಅಯ್ಯೋ, ನೀವು ಪ್ಯೂರ್ ವೆಜ್ ಅಲ್ವಾ ಆಂಟಿ? ಮನೆಗೂ ತರ್ತಾರಾ?”

ಸುತ್ತ ಕೂತವರೆಲ್ಲ ನಕ್ಕರು. ನಾನು ತಟ್ಟೆಯಲ್ಲಿದ್ದ ಕೋಸಂಬರಿ ನೋಡುತ್ತ ಕೂತೆ. ಕಾರಿನಲ್ಲಿ ಮಗಳಿಗೆ ಹೇಳಿದೆ, “ಮಂದೀ ಮಕ್ಕಳು ಕಂಪ್ಯೂಟರ್ ಓದತಾರ. ನಿನಗ ಆ ಮೀನಿನ ಹುಣ್ಣ ಬೇಕಾಗಿತ್ತೇನ?”

“ಜೂನಿಗೆ ಮುಗೀತೈತಿ ತಡೀಯವ್ವಾ.”

ಜೂನ್, ಜೂನ್, ಜೂನ್. ಜನವರಿಯಿಂದ ಅದೇ ಮಂತ್ರ. ಜೂನಿಗೆ ತನ್ನ ಸಂಶೋಧನೆಯ ಪುಸ್ತಕ ಒಪ್ಪಿಸುವುದು, ಡಾಕ್ಟರೇಟು ಪಡೆಯುವುದು, ನಾನು ವಿಮಾನ ಹತ್ತುವುದು. ಮೀನು ಬರುತ್ತಿದ್ದ ಐದು ಸಾಕಣೆ ಕೊಳಗಳಲ್ಲೂ ಇರುವುದು ಒಂದೇ ತಳಿ, ಒಂದೇ ಲಸಿಕೆ ಸಾಕು ಎಂದು ಆಕೆ ಆಗಲೇ ಬರೆದಾಗಿತ್ತು. ಅಷ್ಟರಲ್ಲಿ ಒಂದು ಕೊಳದಿಂದ ಸುದ್ದಿ ಬಂತು. ಆ ತಳಿಯಿಂದ ಮಾಡಿದ ಲಸಿಕೆ ಚುಚ್ಚಿಸಿಕೊಂಡ ಮರಿಗಳಿಗೂ ಹುಣ್ಣೆದ್ದಿದೆ. ನಿಮ್ಮವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ತನ್ನ ಗೈಡನ್ನು ಊಟಕ್ಕೆ ಕರೆದಳು.

ಗೈಡ್ ಎಂದರೆ ನನ್ನ ವಯಸ್ಸಿನ ಬಿಳಿಯ ಹೆಂಗಸು. ಒಳ್ಳೆಯವಳು. ನನಗೆ ಕೈಮುಗಿದಳು, ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ಬದನೆಕಾಯಿ ಎಣ್ಣಗಾಯಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕಟ್ಟಿನ ಸಾರು, ಎಲ್ಲ ಮಾಡಿದ್ದೆ. ಆ ಮನೆಯ ಕರೆಂಟಿನ ಒಲೆ ಒಂದು ಪಕ್ಕಕ್ಕೆ ವಾಲಿತ್ತು. ಪಾತ್ರೆಯ ಎಡಗಡೆ ಕುದಿಯುವುದು, ಬಲಗಡೆ ಸುಮ್ಮನಿರುವುದು. ಅಪಾರ್ಟ್‌ಮೆಂಟಿನ ಆಫೀಸಿಗೆ ಮೂರು ಸಲ ಹೇಳಿದರೂ ಯಾರೂ ಬಂದಿರಲಿಲ್ಲ. ಅದಕ್ಕೇ ನಾನು ಅನ್ನದ ಪಾತ್ರೆಯನ್ನು ನಡುನಡುವೆ ತಿರುಗಿಸುತ್ತಿದ್ದೆ. ಅವತ್ತು ಕೂಸು ಅತ್ತಿತೆಂದು ಒಳಗೆ ಹೋದೆ. ನಿಮ್ಮವ್ವ ಎಡಗಡೆ ಸೌಟು ಹಾಕಿ ಒಂದಗುಳು ಹಿಸುಕಿ, “ಬೆಂದೈತವ್ವಾ!” ಎಂದು ಕೂಗಿ ಇಳಿಸಿಯೇಬಿಟ್ಟಳು.

ಬಡಿಸಿದವಳೂ ಅವಳೇ. ಗೈಡಿನ ತಟ್ಟೆಗೆ ಬಲಗಡೆಯ ಅನ್ನ ಬಿತ್ತು. ಕಟಕಟ ಅಗಿಯುವ ಸದ್ದು ಅಡಿಗೆಮನೆಯ ಬಾಗಿಲಿಗೆ ಕೇಳಿಸಿತು. ಆಕೆ ಏನೋ ಕೇಳಿದಳು. ನಿಮ್ಮಪ್ಪ ಕೆಮ್ಮಿದ.

“ಏನಂದಳ?” ಎಂದೆ, ನಿಮ್ಮವ್ವ ಸಾರಿಗೆಂದು ಬಂದಾಗ.

“ನಿಮ್ಮ ಕಡೆ ಅನ್ನ ಹಿಂಗ ಗಟ್ಟಿ ಉಣ್ತಾರೇನು ಅಂದ್ಲು.”

ನನ್ನ ಜೀವ ಹೋದಂತಾಯಿತು. ಊರಲ್ಲಿ ಇನ್ನೂರು ಎಲೆಯ ಅಡಿಗೆಗೆ ನಿಂತವಳು ನಾನು. ಸಾಲದ್ದಕ್ಕೆ ಆ ಗೈಡು, ಲಸಿಕೆ ಚುಚ್ಚಿದವರ ಕೈಯೇ ಸರಿ ಇರಲಿಕ್ಕಿಲ್ಲ, ನಿನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ನಿಮ್ಮವ್ವನ ಬೆನ್ನು ತಟ್ಟಿ ಹೋದಳಂತೆ. ಸಂತೋಷಪಡುವುದು ಬಿಟ್ಟು ಇವಳು ಮುಖ ಊದಿಸಿಕೊಂಡು ಪಾತ್ರೆ ತೊಳೆಯಲು ನಿಂತಳು.

ನಾನು ಬಿಡಲಿಲ್ಲ. “ಎಷ್ಟಗುಳು ನೋಡೀದಿ?”

“ಒಂದು. ಅನ್ನಕ್ಕ ಒಂದಗುಳು ಸಾಕಂತ ನೀನ ಕಲಿಸೀದಿ.”

“ನಾ ಕಲಿಸಿದ್ದು ನೆಟ್ಟಗಿನ ಒಲಿಗೆ. ಇದು ಸೊಟ್ಟ ಒಲಿ ಅಂತ ಗೊತ್ತಿಲ್ಲೇನ ನಿನಗ? ಸೌಟು ತಿರುವಿ ನಾಕು ಕಡೆ ನೋಡಬಾರದ? ಮನಿಗೆ ಬಂದ ಹಿರೇ ಮನಷ್ಯಾಳಿಗೆ ಅಕ್ಕಿ ತಿನಿಸಿ ಕಳಿಸಿದಿ!”

ನಲ್ಲಿ ಹರಿಯುತ್ತಲೇ ಇತ್ತು. ಅವಳು ಕೈ ಆಡಿಸುವುದು ನಿಲ್ಲಿಸಿದ್ದಳು.

“ಅವ್ವಾ, ಮೀನಿಂದೂ ನಾ ಒಂದ ತಗದೀನಿ.”

“ನಾ ಅನ್ನದ ಮಾತ ಆಡಾಕತ್ತೀನಿ.”

“ತಟ್ಟಿ ತುಂಬ ಚುಕ್ಕಿ ಇರ್ತಾವು. ಒಂದು ಮೀನಿಗೆ ಒಂದ ಚುಕ್ಕಿ ತಗದು ಬೆಳಸೀನಿ. ಎಲ್ಲಕ್ಕಿಂತ ದೊಡ್ಡದು, ಕೈಗೆ ಲಗೂನ ಸಿಗೂದು. ಉಳದದ್ದು ನೋಡೇ ಇಲ್ಲ.”

ಬೈಗುಳದ ನಡುವೆ ಇದೇನು ಎಂದು ನನಗೆ ಇನ್ನೂ ಸಿಟ್ಟು ಬಂತು. “ಹಂಗಾರ ನೋಡು. ಬ್ಯಾಡ ಅಂದವರ್ಯಾರು?”

“ನೋಡಿದ್ರ ಜೂನ್ ತಪ್ಪತೈತಿ.” ನಲ್ಲಿ ನಿಲ್ಲಿಸಿ ಹೇಳಿದಳು, “ಮದ್ದು ತಾಗಲಿಲ್ಲ ಅಂತ ಸುದ್ದಿ ಬಂದ ದಿನಾನ ನನಗ ಅನುಮಾನ ಬಂದಿತ್ತು. ಸುಮ್ಮನ ಕುಂತೆ. ಗೈಡೂ ತಪ್ಪಿಲ್ಲ ಅಂತಾಳ. ಏನ್ ಮಾಡ್ಲಿ ಹೇಳು.”

ನನಗೆ ಊರಿನ ದಾರಿ ಕಣ್ಣಮುಂದೆ ಬಂತು. ಜೂನಿನ ಟಿಕೀಟು ನನ್ನ ಪೆಟ್ಟಿಗೆಯಲ್ಲಿ ಮಡಿ ಸೀರೆಯ ಕೆಳಗಿತ್ತು. ಸುಮ್ಮನೆ ಒಪ್ಪಿಸಿಬಿಡು ಎಂದು ನಾಲಿಗೆಯ ತುದಿಗೆ ಬಂದದ್ದು ನಿಜ, ನಿಮ್ಮಿಂದ ಯಾಕೆ ಮುಚ್ಚಿಡಲಿ. ಆದರೆ ಆ ಹೆಂಗಸು ಮರ್ಯಾದೆಗೆಂದು ಹಸಿ ಅನ್ನವನ್ನು ಕಡೆಯ ಅಗುಳಿನವರೆಗೆ ಉಂಡದ್ದು ನೆನಪಾಯಿತು.

“ಒಮ್ಮೆ ಹಸೀ ಅನ್ನ ಬಡಿಸಿ ಮಾನ ಕಳಕೊಂಡೇವಿ,” ಎಂದೆ. “ಎರಡನೇ ಸಲ ಬ್ಯಾಡ.”

ಆಮೇಲೆ ಏನು ಕೇಳುತ್ತೀರಿ! ಮೊದಲು ತಟ್ಟೆಗಳಲ್ಲಿ ಬೆಳೆದದ್ದನ್ನೆಲ್ಲ ಒಟ್ಟಿಗೆ ಬಳಿದು ಲ್ಯಾಬಿನ ಫ್ರೀಜರಿನಲ್ಲಿ ಇಟ್ಟಿದ್ದಳು, ಪುಣ್ಯ. ಅದನ್ನು ಮತ್ತೆ ಹಚ್ಚಿ, ಒಂದೊಂದು ಮೀನಿಗೆ ಹತ್ತು ಹತ್ತು ಚುಕ್ಕೆ ತೆಗೆದಳು. ತಳಿ ಗುರುತಿಸಲು ಚುಕ್ಕೆಗೊಂದು ಪಟ್ಟೆಪಟ್ಟೆ ಚಿತ್ರ, ಸೀರೆಯ ಅಂಚಿನ ಹಾಗೆ. ಊಟದ ಮೇಜು, ಸೋಫಾ, ಕೂಸಿನ ತೊಟ್ಟಿಲು, ಎಲ್ಲ ಕಡೆ ಆ ಚಿತ್ರಗಳೇ. ನಾನು ನೆಲದ ಮೇಲೆ ಹೊಸಲಿನ ಹತ್ತಿರ ಕೂತು ಉಂಡೆ. ಗೈಡ್ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲವಂತೆ. ನನ್ನ ವೀಸಾದ ಅವಧಿ ಹೆಚ್ಚಿಸಲು ಅಪ್ಲೈ ಮಾಡಲಿಕ್ಕೆ ನಿಮ್ಮಪ್ಪ ಫಾರಂ ತಂದು ಬಾಗಿಲ ಹೊರಗಿನಿಂದಲೇ, “ಅತ್ತಿ, ಇಲ್ಲೊಂದು ಸಹಿ ಮಾಡ್ರಿ,” ಎಂದ.

ಜುಲೈ ಹೊತ್ತಿಗೆ ಗೊತ್ತಾಯಿತು. ಮದ್ದು ತಾಗದ ಆ ಕೊಳದಲ್ಲಿ ತಳಿ ಒಂದಲ್ಲ, ಎರಡು. ಒಂದೇ ಮೀನಿನ ಹುಣ್ಣಿನಲ್ಲಿ ಒಂದು, ಗುಲ್ಮದಲ್ಲಿ ಇನ್ನೊಂದು. ಲಸಿಕೆಯಲ್ಲಿದ್ದದ್ದು ಬೇಗ ಬೆಳೆಯುವ ತಳಿ. ಮರಿಗಳನ್ನು ಕೊಲ್ಲುತ್ತಿದ್ದದ್ದು ನಿಧಾನದ್ದು. ಬರೆದದ್ದರಲ್ಲಿ ಅರ್ಧ ಹರಿದು ಹಾಕಿ ಮತ್ತೆ ಬರೆದಳು. ಗೈಡ್ ಓದಿ, ಗೊಣಗಿ, ಸಹಿ ಹಾಕಿದಳು.

ಡಿಸೆಂಬರಿನಲ್ಲಿ ಪುಸ್ತಕ ಒಪ್ಪಿಸಿ ಬಂದ ದಿನ ಆ ಹೆಂಗಸನ್ನು ಮತ್ತೆ ಊಟಕ್ಕೆ ಕರೆದೆವು. ಒಲೆ ಇನ್ನೂ ವಾಲಿಕೊಂಡೇ ಇತ್ತು. ನಾನು ಕೂಸಿಗೆ ಲಂಗ ತೊಡಿಸುತ್ತಿದ್ದೆ. ಒಳಗಿನಿಂದ ಡಾಕ್ಟರಮ್ಮ ಕೂಗಿದಳು, “ಅವ್ವಾ, ಒಂದಗುಳು ನೋಡಿದೆ, ಬೆಂದೈತಿ! ಇಳಸ್ಲೇನ?”

ಕೂಸನ್ನು ಅರ್ಧ ಲಂಗದಲ್ಲೇ ಕಂಕುಳಿಗೆ ಹಾಕಿಕೊಂಡು ಓಡಿದೆ.