ರಾಜನ ಕೆನ್ನೆಯ ನರಹುಲಿ

ನಮ್ಮಪ್ಪನ ಕೈ ಸುಮ್ಮನಿರುವ ಕೈಯಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಚಮಚವನ್ನು ಅಂಗಿಯ ತುದಿಯಲ್ಲಿ ಉಜ್ಜಿ ಬೆಳಕಿಗೆ ಹಿಡಿಯುವ ಆಸಾಮಿ. ಅಕ್ಕಸಾಲಿ ಕೆಲಸದಲ್ಲಿ ಅವನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ, ಹೊಳಪು ಕೊಡುವುದರಲ್ಲಿ ಮಾತ್ರ ಇಲ್ಲ. ಅದಕ್ಕೇ ಎಲ್ಲರೂ ಪಾಲಿಶಣ್ಣ ಎನ್ನುತ್ತಾರೆ. ಆ ಹೆಸರು ಕೇಳಿದರೆ ಅವನಿಗೆ ಒಳಗೊಳಗೇ ಖುಷಿ. ಅಂಗಡಿಯಲ್ಲಿ ಅವನ ಪಕ್ಕ ಕೂತು ಸರ ಪೋಣಿಸುವವಳು ನಾನು, ಅವನ ಮಗಳು. ಆ ಕೈಯ ಕಾಟ ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ.

ಅಪ್ಪನಿಗೆ ಒಬ್ಬಳೇ ಅಕ್ಕ. ಅವಳ ಗಂಡ, ನನ್ನ ಮಾವ, ಬಸ್ಸು ಓಡಿಸುತ್ತಿದ್ದರು. ಅವರಜ್ಜಿ ಕೊಟ್ಟ ಹಳೆಯ ನಾಣ್ಯವೊಂದು ಅವರ ಬಳಿಯಿತ್ತು. ಅದರ ಮೇಲೆ ಯಾವುದೋ ಕಾಲದ ರಾಜನ ಮುಖ. "ಇದು ಚಿನ್ನದ್ದು, ಇಂಥದ್ದು ಎಲ್ಲೂ ಸಿಗಲ್ಲ, ಯಾಕೆ ಗೊತ್ತಾ..." ಎಂದು ಮಾವ ಶುರು ಮಾಡಿದರೆ ಸಾಕು, ಅಪ್ಪ ಎಲ್ಲರೆದುರು, "ನಿಮ್ಮ ಹಿತ್ತಾಳೆ ರಾಜಂಗೆ ನಿಂಬೆಹಣ್ಣು ಹಾಕಿ ಸ್ನಾನ ಮಾಡ್ಸಿ ಭಾವ" ಎಂದು ನಗುತ್ತಿದ್ದ. ಯಾಕೆ ಎನ್ನುವುದನ್ನು ಹೇಳಿ ಮುಗಿಸಲು ಅವರನ್ನು ಒಂದು ದಿನವೂ ಬಿಡಲಿಲ್ಲ. ಕೊನೆಕೊನೆಗೆ ಮಾವ ನಾಣ್ಯವನ್ನು ನಮ್ಮ ಮನೆಗೆ ತರುವುದನ್ನೇ ಬಿಟ್ಟರು.

ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಅಂಗಡಿಗೆ ತಂದಳು. ಮ್ಯೂಸಿಯಂಗೆ ಹೋಗಿ ವಿಚಾರಿಸಿದ್ದಳಂತೆ. ಅಲ್ಲಿಯ ಮೇಡಂ ತಾವೇ ಬಂದು ನೋಡುತ್ತೇನೆ ಎಂದಿದ್ದರಂತೆ.

"ಅಲ್ಲೀವರೆಗೂ ನಿನ್ನ ತಿಜೋರೀಲಿ ಇಟ್ಕೋ. ದುಡ್ಡು ಗಿಡ್ಡು ಏನೂ ಬೇಡ ನಂಗೆ. ಗಾಜಿನ ಪೆಟ್ಟಿಗೇಲಿಟ್ಟು ಕೆಳಗೆ ಇವ್ರ ಹೆಸರು ಬರೆದ್ರೆ ಸಾಕು. ಎಲ್ರೂ ನಕ್ಕಿದ್ರಲ್ಲ" ಎಂದಳು.

ಎಲ್ಲರೂ ಎಂದಳೇ ಹೊರತು ತಮ್ಮನ ಮುಖ ನೋಡಲಿಲ್ಲ.

ಅವಳು ಹೋದದ್ದೇ ಅಪ್ಪ ನಾಣ್ಯವನ್ನು ಒರೆಗಲ್ಲಿಗೆ ಮೆಲ್ಲಗೆ ತಾಗಿಸಿದ. ಬಿದ್ದ ಗೆರೆ ನೋಡಿ ಅವನ ಮುಖ ಇಳಿದುಹೋಯಿತು. ಅಪ್ಪಟ ಚಿನ್ನ. "ಛೆ, ಭಾವನ್ನ ಎಷ್ಟು ಆಡ್ಕೊಂಡೆ" ಎಂದ. ನಾಚಿಕೆಯಾದಾಗ ಬೇರೆಯವರು ಏನು ಮಾಡುತ್ತಾರೋ ಗೊತ್ತಿಲ್ಲ, ನಮ್ಮಪ್ಪ ಉಜ್ಜುತ್ತಾನೆ. ನಾನು ಮನೆಗೆ ಹೋಗಿ ಊಟ ಮಾಡಿಕೊಂಡು ಬರುವಷ್ಟರಲ್ಲಿ ನಾಣ್ಯ ಫಳಫಳ ಹೊಳೆಯುತ್ತಿತ್ತು. ರಾಜನ ಕೆನ್ನೆಯ ಮೇಲೆ ಸಣ್ಣ ಗಂಟೊಂದಿತ್ತು. ಅಚ್ಚು ಸರಿಯಾಗಿ ಕೂತಿಲ್ಲ ಎಂದುಕೊಂಡು ಅದನ್ನೂ ಅರ ಹಾಕಿ ನಯ ಮಾಡಿಬಿಟ್ಟಿದ್ದ. ಈ ಗಂಟಿನ ವಿಷಯ ನನಗೆ ತಿಳಿದದ್ದು ಆಮೇಲೆ.

ಮೇಡಂ ಬಂದ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮೇಡಂ ಭೂತಗನ್ನಡಿ ಹಿಡಿದು ನೇರವಾಗಿ ರಾಜನ ಕೆನ್ನೆಯನ್ನೇ ನೋಡಿದರು. ಮತ್ತೆ ಮತ್ತೆ ನೋಡಿದರು.

"ಈ ರಾಜನ ಕೆನ್ನೆ ಮೇಲೆ ನರಹುಲಿ ಇತ್ತಮ್ಮ. ಮೊದಲ ನಾಣ್ಯದಲ್ಲಿ ಅದನ್ನೂ ಕೆತ್ತಿಬಿಟ್ಟಿದ್ರು. ಅವನಿಗೆ ಸಿಟ್ಟು ಬಂದು ಎಲ್ಲ ಕರಗಿಸಿ ಬೇರೆ ಅಚ್ಚು ಮಾಡಿಸಿದ. ಅವನ ಕೈಗೆ ಸಿಗದೆ ಉಳಿದವು ಮಾತ್ರ ಅಪರೂಪ. ಇದು ಆಮೇಲಿನದು, ಇಂಥವು ನಮ್ಮಲ್ಲಿ ಬೇಕಾದಷ್ಟಿವೆ. ಮೇಲಾಗಿ ಯಾರೋ ಚೆನ್ನಾಗಿ ತಿಕ್ಕಿದ್ದಾರೆ. ಕೆನ್ನೆ ಮೇಲೆ ಮೊದಲು ಏನಾದ್ರೂ ಇತ್ತಾ?"

"ಇತ್ತು" ಎಂದಳು ಅತ್ತೆ. "ಇವ್ರು ನನ್ನ ಬೆರಳು ಹಿಡಿದು ಮುಟ್ಟಿಸ್ತಿದ್ರು. ತಮ್ಮಾ, ನೀನೂ ನೋಡಿದ್ದೀಯಲ್ಲ, ಹೇಳೋ."

ಅಪ್ಪ ತಕ್ಕಡಿಯ ತಟ್ಟೆಯನ್ನು ಅಂಗಿಯ ತುದಿಯಲ್ಲಿ ಉಜ್ಜುತ್ತಿದ್ದ. "ನಾನು ಅಷ್ಟಾಗಿ ಗಮನಿಸಿಲ್ಲಕ್ಕ" ಎಂದ.

ಮೇಡಂ ನಯವಾಗಿ ನಕ್ಕರು. ನಂಬದವರು ನಗುವ ನಗು. ಕೈಮುಗಿದು ಹೊರಟುಹೋದರು.

ಅತ್ತೆ ರಾಜನ ಕೆನ್ನೆಯನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ, "ನಂಗೇ ಭ್ರಮೆ ಇರ್ಬೇಕು. ಇವ್ರೂ ಏನೋ ಒಂದು ಕತೆ ಕಟ್ಟಿರ್ತಾರೆ, ನಾನೂ ನಂಬ್ಕೊಂಡೆ. ನೀನು ಮೊದಲಿಂದ್ಲೂ ಹೇಳ್ತಾನೇ ಇದ್ದೆ" ಎಂದಳು.

ಅದನ್ನು ಅಪ್ಪನಿಂದ ತಡೆದುಕೊಳ್ಳಲಾಗಲಿಲ್ಲ. "ಅಕ್ಕಾ, ಇತ್ತು. ನಾನೇ ಅರ ಹಾಕಿ ತೆಗ್ದೆ" ಎಂದುಬಿಟ್ಟ.

ಬೈಗುಳದ ಮಳೆಯಾಗುತ್ತದೆ ಎಂದುಕೊಂಡೆ. ಆದರೆ ಅತ್ತೆಯ ಮುಖ ಅರಳಿತು.

"ಇತ್ತಾ?"

"ಇತ್ತಕ್ಕ."

"ಹಾಗಾದ್ರೆ ಇವ್ರು ಹೇಳಿದ್ದು ನಿಜ!" ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. "ಉಜ್ಜಿದ್ದು ಹೋಗ್ಲಿ, ನಿನ್ನ ಕೈನ ನಾನು ಚಿಕ್ಕಂದಿನಿಂದ ನೋಡಿದೀನಿ. ಅವ್ರ ಮುಂದೆ ಯಾಕೋ ಗಮನಿಸಿಲ್ಲ ಅಂದೆ?"

"ಅಂಗಡಿ ಹೆಸರು ಕೆಡುತ್ತೆ ಅಂತ..." ಎಂದ ಅಪ್ಪ.

"ಅವ್ರು ಇನ್ನೂ ತಿರುವಲ್ಲಿ ಆಟೋಗೆ ಕಾಯ್ತಿದ್ದಾರೆ ನೋಡು. ಹೋಗಿ ಹೇಳು."

ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದಳು. "ನೀನಲ್ಲ. ಅವ್ನು ಹೋಗ್ಲಿ."

ಅಪ್ಪ ಎದ್ದು ಬಾಗಿಲವರೆಗೆ ಹೋದ. ಎದುರಿನ ಅಂಗಡಿಯವನು ಕೆಲಸ ಬಿಟ್ಟು ಇತ್ತಲೇ ನೋಡುತ್ತಿದ್ದ. ಅಪ್ಪ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟು ಹಾಗೇ ನಿಂತ. ತಿರುವಿನಲ್ಲಿ ಆಟೋ ಬಂತು, ಮೇಡಂ ಹತ್ತಿದರು, ಆಟೋ ಹೋಯಿತು. ಅವನು ವಾಪಸು ಬಂದು ತನ್ನ ಜಾಗದಲ್ಲಿ ಕೂತ. ಅವನ ಮಗಳು ಎಂದು ಹೇಳಿಕೊಳ್ಳಲು ಅವತ್ತು ನನಗೂ ನಾಚಿಕೆಯಾಯಿತು.

ಅತ್ತೆ ನಾಣ್ಯವನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ನನ್ನ ತಲೆ ಸವರಿ, "ಹೋಗ್ಬರ್ತೀನಮ್ಮ" ಎಂದಳು. ಅಪ್ಪನಿಗೆ ಹೇಳಲಿಲ್ಲ.